ಹುಲ್ಲುಜೀರುಂಡೆ: ಸೊನ್ನೆ

ಜುಲೈ ೧೪, ಸೋಮವಾರ

ಎಂ.ಎಸ್ಸಿ. ಎರಡನೆಯ ವರ್ಷದ ಮೊದಲ ದಿನ. ಅರವತ್ತೆರಡರ ಹೆಂಗಸು ಪ್ರಾಣಿಶಾಸ್ತ್ರ ಓದುತ್ತೇನೆಂದು ಹೊರಟಾಗ ನಮ್ಮ ಬೀದಿಯವರೆಲ್ಲ 'ಅರವತ್ತಕ್ಕೆ ಅರಳುಮರಳು' ಎಂದು ನಕ್ಕಿದ್ದರು. ಒಂದು ವರ್ಷ ಪಾಸಾಗಿ ತೋರಿಸಿದ್ದೇನೆ. ಇವತ್ತಾದರೂ ಖುಷಿಯಾಗಿರೋಣವೆಂದರೆ ಡಿಪಾರ್ಟ್‌ಮೆಂಟಿನವರು ಬಿಡಬೇಕಲ್ಲ. ರಜೆಯಲ್ಲಿ ಹಳೆಯ ಹಿತ್ತಾಳೆ ಗಂಟೆ ತೆಗೆದುಹಾಕಿ ಎಲೆಕ್ಟ್ರಿಕ್ ಬೆಲ್ ಹಾಕಿಸಿದ್ದಾರಂತೆ. ಅದು ಒಂದು ಸಲವೂ ಹೊಡೆದುಕೊಳ್ಳಲಿಲ್ಲ. ಎಲ್ಲರೂ ಎದ್ದು ನಡೆದ ಮೇಲೆ ಕ್ಲಾಸು ಮುಗಿಯಿತೆಂದು ತಿಳಿಯಬೇಕು. ಹೊಸ ಲೆಕ್ಚರರ್ ಹುಡುಗಿಯೋ ತನ್ನ ಕೊರಳಪಟ್ಟಿಗೆ ಪಾಠ ಹೇಳುತ್ತಾಳೆ. ಈಗಿನವರಿಗೆ ಬಾಯಿ ಬಿಟ್ಟು ಮಾತಾಡಿದರೆ ಮುತ್ತು ಉದುರುತ್ತದೆಯೋ ಏನೋ.

ಪ್ರಾಜೆಕ್ಟಿಗೆ ಜೋಡಿ ಹಾಕಿದರು. ನನ್ನ ಪಾಲಿಗೆ ಬಂದವಳು ನಡುನೆತ್ತಿಯ ಮೇಲೆ ಕೂದಲು ಗಂಟು ಹಾಕುವ ಹುಡುಗಿ. ನೋಡಿದರೆ ಈರುಳ್ಳಿ ನೆನಪಾಗುತ್ತದೆ. ಮನಸ್ಸಿನಲ್ಲಿ ಅದೇ ಹೆಸರಿಟ್ಟಿದ್ದೇನೆ. "ನಮಸ್ತೆ ಆಂಟಿ" ಅಂದಳು. ಸಹಪಾಠಿ ನಾನು, ಆಂಟಿ ಯಾಕಾಗಬೇಕು?

ವಿಷಯ ಮಾತ್ರ ಚೆನ್ನಾಗಿದೆ. ಡಿಪಾರ್ಟ್‌ಮೆಂಟಿನ ಹಿಂದೆ ನೀರಿನ ಟ್ಯಾಂಕಿನ ಪಕ್ಕದ ಹುಲ್ಲುಗಾವಲಿನಲ್ಲಿ ಎಷ್ಟು ಜೀರುಂಡೆಗಳಿವೆ ಎಂದು ಅವುಗಳ ಕೂಗು ಕೇಳಿ ಎಣಿಸುವುದು. ಕಿವಿಯ ಕೆಲಸ. ನಾನು ಹನ್ನೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನು ಸಿಕ್ಕಿಸಿಕೊಂಡು ಕೂತವಳು. 'ಹಲೋ' ಅನ್ನುವುದಕ್ಕೆ ಮುಂಚೆ ಎಳೆದ ಉಸಿರಿನಲ್ಲೇ ಯಾರೆಂದು ಹೇಳುತ್ತಿದ್ದೆ. ಆಮೇಲೆ ಯಂತ್ರ ಬಂತು, ನಮ್ಮನ್ನು ಮನೆಗೆ ಕಳಿಸಿದರು. ಟೈಪಿಂಗ್ ಕಲಿಸಿದೆ, ಔಷಧಿ ಗೋದಾಮು ನೋಡಿಕೊಂಡೆ, ಡ್ರೈವಿಂಗ್ ಸ್ಕೂಲಿನಲ್ಲಿ ಕಂಡವರ ಪಕ್ಕ ಕೂತು ಬ್ರೇಕು ತುಳಿದೆ, ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತಳಾದೆ. ಹೊಟ್ಟೆಪಾಡು, ಎಲ್ಲವನ್ನೂ ಮಾಡಿದೆ. ಆದರೆ ಇಪ್ಪತ್ತೊಂದನೇ ವಯಸ್ಸಿನಲ್ಲಿ ಕೈಗೆ ಬಂದಿದ್ದ ಎಂ.ಎಸ್ಸಿ. ಸೀಟು ಅಪ್ಪನ ಕಾಯಿಲೆಯಿಂದ ಕೈಬಿಟ್ಟದ್ದು ಗಂಟಲಲ್ಲಿ ಸಿಕ್ಕ ಮುಳ್ಳಿನ ಹಾಗೆ ಇಷ್ಟು ವರ್ಷವೂ ಇತ್ತು. ಈಗ ಅದನ್ನು ಕೀಳುತ್ತಿದ್ದೇನೆ.

ಜುಲೈ ೨೨, ಮಂಗಳವಾರ

ಹುಲ್ಲಿಗೆ ದಾರ ಕಟ್ಟಿ ಚೌಕ ಮಾಡಿದ್ದೇವೆ. ಸಂಜೆ ಒಂದೊಂದು ಚೌಕದ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಕೇಳಿದ್ದನ್ನು ಬರೆದುಕೊಳ್ಳಬೇಕು. ಇಲ್ಲಿರುವುದು ಎರಡು ಜಾತಿ. ಒಂದು ಕಪ್ಪು ಜೀರುಂಡೆ, ಹೆಬ್ಬೆರಳಿನಷ್ಟು ದಪ್ಪ, ದನಿಯೂ ದಪ್ಪ. ಇನ್ನೊಂದು ಹುಲ್ಲುಜೀರುಂಡೆ, ಅಕ್ಕಿಕಾಳಿನಷ್ಟು, ದನಿ ಸೂಜಿಯಷ್ಟು ಸಣ್ಣ. ಒಬ್ಬರ ಎಣಿಕೆಯನ್ನು ಇನ್ನೊಬ್ಬರು ನೋಡುವಂತಿಲ್ಲ; ತಿಂಗಳಿಗೊಮ್ಮೆ ಗೈಡ್ ಮೇಷ್ಟ್ರ ಮುಂದೆ ತಾಳೆ ನೋಡಬೇಕು. ಒಳ್ಳೆಯ ಕ್ರಮ. ಧ್ವನಿ ಹಿಡಿಯುವ ಯಂತ್ರ ಒಂದಿದೆಯಂತೆ, ಸ್ಟೋರ್‌ಕೀಪರನ ಬೀರುವಿನಲ್ಲಿ. ಬೀರುವಿನ ಕೀಲಿ ರಜೆಯ ಮೇಲಿರುವ ಗುಮಾಸ್ತನ ಹತ್ತಿರ. ಅವನ ರಜೆ ಯಾವಾಗ ಮುಗಿಯುತ್ತದೆಂದು ತಿಳಿದವರು ಈ ಭೂಮಿಯ ಮೇಲೆ ಇಲ್ಲ.

ಮನೆಯಲ್ಲಿ ಇವರಿಗೆ ಹೊಸದೊಂದು ಚಟ. ಊಟಕ್ಕೆ ಕರೆಯಬೇಕಾದರೆ ಬಾಯಲ್ಲಿ ಕರೆಯುವುದಿಲ್ಲ. ಬಾಗಿಲಾಚೆಯ ಸ್ವಿಚ್ಚು ಒತ್ತಿ ನನ್ನ ಕೋಣೆಯ ದೀಪವನ್ನು ಎರಡು ಸಲ ಆರಿಸಿ ಹೊತ್ತಿಸುತ್ತಾರೆ. ಜೀವನವಿಡೀ ಗಡಿಯಾರ ರಿಪೇರಿ ಮಾಡಿದವರು. ಯಾವುದನ್ನೂ ಕೈಯಲ್ಲಿ ಅಲ್ಲಾಡಿಸದೆ ಇರಲಾರರು. "ರೀ, ಬಲ್ಬು ಸುಟ್ಟುಹೋಗುತ್ತೆ" ಎಂದರೆ ನಗುತ್ತಾರೆ.

ಆಗಸ್ಟ್ ೧, ಶುಕ್ರವಾರ

ತಾಳೆ ನೋಡಿದೆವು. ಕಪ್ಪು ಜೀರುಂಡೆಯಲ್ಲಿ ಇಬ್ಬರದೂ ಹೆಚ್ಚುಕಡಿಮೆ ಒಂದೇ. ನನ್ನದೇ ಇನ್ನಷ್ಟು ನಿಖರ ಎಂದು ಮೇಷ್ಟ್ರೇ ಹೇಳಿದರು. ಹುಲ್ಲುಜೀರುಂಡೆಯ ಕಾಲಮ್ಮಿನಲ್ಲಿ ನನ್ನದು ಮೇಲಿಂದ ಕೆಳಗಿನವರೆಗೂ ಸೊನ್ನೆ. ಅವಳದು ಪ್ರತಿ ಚೌಕದಲ್ಲಿ ಐದು, ಏಳು, ಒಂಬತ್ತು.

"ಎಲ್ಲಿತ್ತಮ್ಮ ಇಷ್ಟೊಂದು?" ಅಂದೆ.

"ಅಲ್ಲೇ ಇತ್ತಲ್ಲ ಆಂಟಿ. ತಲೆನೋವು ಬರೋ ಅಷ್ಟು ಕೂಗ್ತಿತ್ತು."

ಮೈ ಉರಿದುಹೋಯಿತು. ಇಷ್ಟು ದಿನವೂ ಅವಳ ಪಕ್ಕದಲ್ಲೇ ನಿಂತಿದ್ದೇನೆ. ಅವಳಿಗೆ ತಲೆನೋವು ಬಂದಿದ್ದರೆ ಅದು ಆ ಫೋನನ್ನು ನೋಡೀ ನೋಡೀ ಬಂದದ್ದು. ಹಾಸ್ಟೆಲ್ಲಿನಲ್ಲಿ ಇಂಥವರನ್ನು ಎಷ್ಟು ನೋಡಿಲ್ಲ? ರೂಮಿನಲ್ಲಿ ಕೂತು ಹಾಜರಿ ಹಾಕಿಸಿಕೊಳ್ಳುವವರು. ಹುಳ ಎಣಿಸುವುದಕ್ಕೂ ಅದೇ ಬುದ್ಧಿ.

ಆಗಸ್ಟ್ ೯, ಶನಿವಾರ

ಮೇಷ್ಟ್ರೇ ಹುಲ್ಲಿಗೆ ಬಂದರು. ನನಗಿಂತ ಎರಡು ವರ್ಷ ಚಿಕ್ಕವರು. ಇದು ಅವರ ಕೊನೆಯ ವರ್ಷ. ಬೆನ್ನ ಹಿಂದೆ ಕೈ ಕಟ್ಟಿ, ಕಣ್ಣು ಮುಚ್ಚಿ, ಒಂದೊಂದು ಚೌಕದ ಪಕ್ಕವೂ ನಿಂತರು.

"ಇಲ್ಲ ಮೇಡಂ. ಒಂದೂ ಇಲ್ಲ" ಅಂದರು. "ನಾನು ಕೆಲಸಕ್ಕೆ ಸೇರಿದಾಗ ಇಲ್ಲಿ ಕಿವಿಗಡಚಿಕ್ಕೋ ಹಾಗೆ ಕೂಗ್ತಿದ್ವು. ಟ್ಯಾಂಕಿನ ಮೇಲೆ ಆ ದೊಡ್ಡ ದೀಪ ಹಾಕಿದ್ರಲ್ಲ, ಅದರಿಂದಾನೇ ಹೋಗಿರಬೇಕು. ಇದು ಸಣ್ಣ ವಿಷಯ ಅಲ್ಲ. ಒಂದು ಜಾತಿ ಕಣ್ಮರೆಯಾಗಿದೆ."

"ಸರ್, ಈಗ ನಿಮ್ಮ ಬೂಟಿನ ಹತ್ತಿರಾನೇ ಒಂದು ಕೂಗ್ತಿದೆ" ಅಂದಳು ಈರುಳ್ಳಿ.

ಮೇಷ್ಟ್ರು ಬೂಟು ನೋಡಿದರು. ನಾನೂ ನೋಡಿದೆ. ಬೂಟು ಇತ್ತು, ಹುಲ್ಲು ಇತ್ತು, ಬೇರೇನೂ ಇರಲಿಲ್ಲ. ಮೇಷ್ಟ್ರು ನನ್ನ ಮುಖ ನೋಡಿದರು, ನಾನು ಅವರದ್ದು ನೋಡಿದೆ. ಇಬ್ಬರೂ ತಲೆಯಾಡಿಸಿದೆವು. ಬರುವ ಚಳಿಗಾಲದ ಸೆಮಿನಾರಿಗೆ ಇಬ್ಬರ ಹೆಸರಿನಲ್ಲೂ ಪ್ರಬಂಧ ಕಳಿಸೋಣ ಅಂದರು. ಎಕ್ಸ್‌ಚೇಂಜು, ಗೋದಾಮು, ಡ್ರೈವಿಂಗ್ ಸ್ಕೂಲು ಎಲ್ಲ ಸುತ್ತಿ ಬಂದವಳಿಗೆ ಕೊನೆಗೂ ಒಂದು ಶೋಧ. ಮನೆಗೆ ಬರುವಾಗ ನೆಲದ ಮೇಲೆ ಕಾಲಿರಲಿಲ್ಲ.

ಆಗಸ್ಟ್ ೧೯, ಮಂಗಳವಾರ

ಈರುಳ್ಳಿ ಹಠ ಬಿಡುತ್ತಿಲ್ಲ. ಫೋನಿನಲ್ಲಿ ಹುಲ್ಲಿನ ಸದ್ದು ಹಿಡಿದು ತಂದು ಕ್ಯಾಂಟೀನಿನ ಮೇಜಿನ ಮೇಲಿಟ್ಟಳು. ದೂರದಲ್ಲಿ ಯಾವುದೋ ಲಾರಿ, ಒಂದು ನಾಯಿ, ಕಪ್ಪು ಜೀರುಂಡೆ. ಮಿಕ್ಕದ್ದೆಲ್ಲ ಖಾಲಿ.

"ಕೇಳಿಸ್ತಲ್ಲ ಆಂಟಿ?"

"ಖಾಲಿ ಡಬ್ಬ ಕೇಳಿಸ್ತು."

ಪರದೆಯ ಮೇಲೆ ಏನೋ ಗೆರೆಗಳನ್ನು ತೋರಿಸಿದಳು, ಇವೇ ಹುಲ್ಲುಜೀರುಂಡೆ ಎಂದು. ಮೇಷ್ಟ್ರನ್ನು ಕೇಳಿದರೆ ಅದು ಫೋನಿನ ಕರೆಂಟಿನ ಸದ್ದಿರಬೇಕು ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವಳು ನೆಲದ ಚಿತ್ರವನ್ನೇ ತೆಗೆದು ತರುತ್ತಾಳೆ.

ನನ್ನ ಫೋನು ಕೆಟ್ಟಿದೆ. ತಂಗಿ ಮೂರು ಸಲ ಮಾಡಿದಳಂತೆ, ಒಮ್ಮೆಯೂ ಹೊಡೆದುಕೊಳ್ಳಲಿಲ್ಲ. ಅಂಗಡಿಯವನು ಪರೀಕ್ಷೆ ಮಾಡಿ "ಸರಿಯಾಗೇ ಇದೆಯಲ್ಲ ಮೇಡಂ" ಅಂದ. ಏನೂ ಮಾಡದೆ ದುಡ್ಡು ಕೇಳಿದ.

ಆಗಸ್ಟ್ ೨೭, ಬುಧವಾರ

ಬರೆದುಕೊಟ್ಟೆ. ಈ ವಿದ್ಯಾರ್ಥಿನಿ ಇಲ್ಲದ ಹುಳಗಳನ್ನು ಕಲ್ಪಿಸಿಕೊಂಡು ಅಂಕಿ ತುಂಬಿದ್ದಾಳೆ ಎಂದು ಡಿಪಾರ್ಟ್‌ಮೆಂಟಿನ ಮುಖ್ಯಸ್ಥೆಗೆ. ಮೇಷ್ಟ್ರೂ ಕೆಳಗೆ ಸಹಿ ಹಾಕಿದರು. ಅವಳ ಅಂಕಿಗಳು ಹಾಗೇ ಉಳಿದರೆ ನಮ್ಮ ಪ್ರಬಂಧಕ್ಕೆ ಬೆಲೆಯಿಲ್ಲ. ಅದಕ್ಕೇ ಅಂತಲ್ಲ, ವಿಜ್ಞಾನದಲ್ಲಿ ಸುಳ್ಳು ಸಹಿಸಬಾರದು.

ರಾತ್ರಿ ಊಟ ಸೇರಲಿಲ್ಲ.

ಸೆಪ್ಟೆಂಬರ್ ೫, ಶುಕ್ರವಾರ

ಹದಿನೇಳಕ್ಕೆ ವಿಚಾರಣೆ. ಕಾರಿಡಾರಿನಲ್ಲಿ ಅವಳು ಎದುರಾದಳು. ಕೂದಲು ಗಂಟು ಹಾಕಿರಲಿಲ್ಲ, ಹಾಗೇ ಬಿಟ್ಟಿದ್ದಳು. ಗುರುತೇ ಹತ್ತಲಿಲ್ಲ.

"ಆಂಟಿ, ನನಗೆ ರಿಸರ್ಚಿಗೆ ಬೇರೆ ಕಡೆ ಸೀಟು ಸಿಕ್ಕಿದೆ. ಈ ಪ್ರಾಜೆಕ್ಟ್ ಹೋದ್ರೆ ಅದೂ ಹೋಗುತ್ತೆ. ಸುಳ್ಳು ಲೆಕ್ಕದವಳು ಅಂತ ಒಂದ್ಸಲ ಹೆಸರು ಬಂದ್ರೆ ಮತ್ತೆ ಯಾರು ತಗೋತಾರೆ?"

"ಅದನ್ನ ಬರೆಯೋ ಮುಂಚೆ ಯೋಚನೆ ಮಾಡಬೇಕಿತ್ತು" ಅಂದೆ.

ಅವಳು ಅಳಲಿಲ್ಲ. ತನ್ನ ಫೋನಿನಲ್ಲಿದ್ದ ಸದ್ದುಗಳನ್ನೆಲ್ಲ ನನ್ನ ಫೋನಿಗೆ ಕಳಿಸಿದಳು. "ಮನೇಲಿ ಒಂದ್ಸಲ ಕೇಳಿ. ಅಷ್ಟೇ ನಾನು ಕೇಳ್ಕೊಳ್ಳೋದು" ಎಂದು ಹೋದಳು. ಸೀಟಿನ ಮಾತು ಎತ್ತಬಾರದಿತ್ತು ಅವಳು. ಅದರಿಂದಲೇ ನನಗೆ ತಲೆ ಕೆಟ್ಟಿರುವುದು.

ಸೆಪ್ಟೆಂಬರ್ ೧೩, ಶನಿವಾರ

ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ. ಆದದ್ದನ್ನು ಆದಂತೆ ಬರೆಯುತ್ತೇನೆ.

ಮಧ್ಯಾಹ್ನ ಇವರ ಕೆಲಸದ ಕೋಣೆಯಲ್ಲಿ ಕೂತು, ಸಮಿತಿಯ ಮುಂದೆ ಹಾಕಿ ತೋರಿಸೋಣವೆಂದು ಅವಳ ಸದ್ದು ಹಚ್ಚಿದೆ. ಲಾರಿಯೂ ಇಲ್ಲದ, ನಾಯಿಯೂ ಇಲ್ಲದ ಒಂದು ತುಣುಕು. ಪೂರ್ತಿ ಖಾಲಿ. ಇವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದೋ ಗಡಿಯಾರದ ಹೊಟ್ಟೆ ಬಗೆಯುತ್ತಿದ್ದರು. ಹಳೆಯ ವಾಚ್ ಬೆಲ್ಟುಗಳ ಡ್ರಾಯರಿನಲ್ಲಿ ಇವರ ಬೆಕ್ಕು ಮಲಗಿತ್ತು. ಊಟದ ಹೊತ್ತಿಗೆ ಬಿಟ್ಟರೆ ಏಳದ ಸೋಮಾರಿ. ಅದು ಎದ್ದಿತು. ಎರಡೂ ಕಿವಿ ಫೋನಿನ ಕಡೆ ತಿರುಗಿದವು. ಹೊಟ್ಟೆ ನೆಲಕ್ಕೆ ತಾಗುವಂತೆ ಬಗ್ಗಿ ಬಗ್ಗಿ ಬಂದು, ಹಿಂಗಾಲು ಕುಲುಕಿಸಿ, ಫೋನಿನ ಮೇಲೆ ಹಾರಿತು.

ನಿಲ್ಲಿಸಿದೆ. ಬೆಕ್ಕು ಫೋನಿನ ಅಡಿಯಲ್ಲಿ ಪಂಜ ತೂರಿಸಿ ಹುಡುಕಿತು. ಮತ್ತೆ ಹಚ್ಚಿದೆ. ಮತ್ತೆ ಹಾರಿತು.

ಬೆಳಕಿಗೆ ಇರಬಹುದೆಂದು ಫೋನಿನ ಮೇಲೆ ಬಟ್ಟೆ ಮುಚ್ಚಿದೆ. ಬಟ್ಟೆಯ ಮೇಲೇ ಹಾರಿತು. ನಮ್ಮ ಮನೆಯ ನಿಜವಾದ ಖಾಲಿ ಕೋಣೆಯ ಸದ್ದು ಹಿಡಿದು ಅದನ್ನು ಹಚ್ಚಿದೆ. ಬೆಕ್ಕು ಆಕಳಿಸಿತು. ಹುಲ್ಲಿನ ಸದ್ದು ಹಚ್ಚಿದೆ, ಕಿವಿ ನಿಮಿರಿತು. ಹಿಂದೆಮುಂದೆ ಮಾಡಿ, ನಡುವೆ ಬಿಟ್ಟು, ಇನ್ನೊಂದು ಕೋಣೆಯಲ್ಲಿಟ್ಟು ನೋಡಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ; ಪ್ರಮಾಣಿಸಿದಷ್ಟೂ ಅದೇ ಬಂತು. ಈ ಒಂದು ವರ್ಷದ ಓದಿನಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಪ್ರಯೋಗ ಇದೇ ಇರಬೇಕು.

ಇವರು ಭೂತಗನ್ನಡಿ ತೆಗೆದು ನನ್ನನ್ನೇ ನೋಡುತ್ತಿದ್ದರು.

"ನಿಮಗೆ ಕೇಳಿಸ್ತಿದೆಯಾ?" ಅಂದೆ.

"ಇಲ್ಲ."

"ಮತ್ತೆ?"

"ನನಗೆ ಕೇಳಲ್ಲ ಅಂತ ನನಗೆ ಗೊತ್ತು. ಸಣ್ಣ ವಾಚಿನ ಟಿಕ್‌ಟಿಕ್ ಕೇಳದೆ ಎಷ್ಟು ವರ್ಷ ಆಯ್ತೋ. ಅದಕ್ಕೇ ಮುಳ್ಳು ನೋಡ್ತೀನಿ."

ಎದ್ದು ಬಂದು ಬಾಗಿಲು ಹಾಕಿಕೊಂಡೆ.

ಸೆಪ್ಟೆಂಬರ್ ೧೪, ಭಾನುವಾರ

ಬೆಲ್ಲು. ಲೆಕ್ಚರರ್ ಹುಡುಗಿ. ಫೋನು. ದೀಪ.

ದೀಪ ಯಾವಾಗಿನಿಂದ ಎಂದು ಕೇಳಿದೆ. "ಎರಡು ವರ್ಷ ಆಗಿರಬೇಕು. ನೀನು ಗಮನಿಸಿದ್ದು ಈಗ" ಅಂದರು. ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಹೇಳಿದರೆ ಕಾಲೇಜು ಸೇರುವುದಿಲ್ಲವೇನೋ ಅನ್ನಿಸಿತಂತೆ. ಈ ಮನುಷ್ಯನ ಒಳ್ಳೆಯತನದಿಂದ ನನಗೆ ಹುಚ್ಚು ಹಿಡಿಯುತ್ತದೆ. ಒಂದು ಹುಡುಗಿಯ ಬದುಕಿಗೆ ಕಲ್ಲು ಹಾಕುವ ಮೊದಲು ಯಾರಾದರೂ ನನಗೆ ಎರಡೇಟು ಹಾಕಬಾರದಿತ್ತೇ?

ಸೆಪ್ಟೆಂಬರ್ ೧೫, ಸೋಮವಾರ

ಮೇಷ್ಟ್ರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಬೆಕ್ಕಿನ ವಿಷಯ ಹೇಳುವಾಗ ಅವರ ಮುಖ ಸಣ್ಣಗಾಯಿತು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಮೇಡಂ, ಪ್ರಬಂಧ ಕಳಿಸಿ ಆಗಿದೆ. ನನ್ನದು ಕೊನೇ ವರ್ಷ. ಒಂದು ಕೆಲಸ ಮಾಡೋಣ. ದೂರು ವಾಪಸ್ ತಗೊಳ್ಳಿ, ಹುಡುಗಿ ಅಂಕಿಗಳು 'ಅನುಮಾನಾಸ್ಪದ' ಅಂತ ಬರೆದು ಕೈಬಿಡೋಣ. ಅವಳಿಗೂ ಶಿಕ್ಷೆ ಇಲ್ಲ, ನಮಗೂ ತೊಂದರೆ ಇಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದು ಕ್ಷಣ ನನಗೂ ಅದೇ ಬೇಕೆನ್ನಿಸಿತು, ಸುಳ್ಳು ಯಾಕೆ ಹೇಳಲಿ. ಸೆಮಿನಾರಿನ ಕಾರ್ಯಕ್ರಮಪಟ್ಟಿಯಲ್ಲಿ ನನ್ನ ಹೆಸರು ಅಚ್ಚಾಗಿದ್ದನ್ನು ನೋಡಿದ್ದೇನೆ.

"ಅನುಮಾನ ನಮ್ಮ ಕಿವಿ ಮೇಲೆ ಸರ್, ಅವಳ ಅಂಕಿ ಮೇಲಲ್ಲ" ಎಂದು ಎದ್ದೆ.

ಸೆಪ್ಟೆಂಬರ್ ೧೭, ಬುಧವಾರ

ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೋಗುತ್ತೇನೆಂದರೆ ಇವರು ಒಪ್ಪಲಿಲ್ಲ. "ಅದಕ್ಕೆ ಮೀಟಿಂಗ್ ಅಭ್ಯಾಸ ಇಲ್ಲ" ಅಂದರು.

ಉದ್ದನೆಯ ಮೇಜು. ಆ ಕಡೆ ಮುಖ್ಯಸ್ಥೆ, ಬೇರೆ ವಿಭಾಗದ ಇಬ್ಬರು ಹಿರಿಯರು, ನಮ್ಮ ಮೇಷ್ಟ್ರು. ಮೂಲೆಯಲ್ಲಿ ನಡೆದದ್ದನ್ನು ಟೈಪು ಮಾಡಲು ಕೂತ ಹೆಣ್ಣುಮಗಳು, ಮೂವತ್ತೂ ಇರಲಾರದು. ಈರುಳ್ಳಿ ಕಿಟಕಿ ಪಕ್ಕ, ನನ್ನ ಕಡೆ ನೋಡದೆ.

ಮಾತಾಡುವ ಮೊದಲು ಫೋನನ್ನು ಮೇಜಿನ ನಡುವೆ ಇಟ್ಟು ಹಚ್ಚಿದೆ. ಮುಖ್ಯಸ್ಥೆ ಕಾದರು. ಹಿರಿಯರಿಬ್ಬರೂ ಗಂಭೀರವಾಗಿ ಫೋನನ್ನು ನೋಡಿದರು. ಒಬ್ಬರು "ಇನ್ನೂ ಶುರು ಆಗಿಲ್ವೇ?" ಅಂದರು.

ಮೂಲೆಯ ಹೆಣ್ಣುಮಗಳು ಟೈಪು ಮಾಡುವುದು ನಿಲ್ಲಿಸಿ ಕಿವಿ ಉಜ್ಜಿಕೊಂಡಳು. "ಮೇಡಂ, ಅದನ್ನ ಸ್ವಲ್ಪ ಆಫ್ ಮಾಡ್ತೀರಾ? ಆ ಜೀರುಂಡೆ ಸದ್ದಲ್ಲಿ ಟೈಪ್ ಮಾಡೋಕಾಗ್ತಿಲ್ಲ."

ಆಫ್ ಮಾಡಿದೆ.

"ಈ ಹುಡುಗಿ ಬರೆದ ಒಂದೊಂದು ಅಂಕಿಯೂ ಸರಿ" ಅಂದೆ. "ಹುಳ ಎಲ್ಲೂ ಹೋಗಿಲ್ಲ. ಹೋಗಿರೋದು ನನ್ನ ಕಿವಿ. ಅದು ಗೊತ್ತಿಲ್ಲದೆ ಇವಳನ್ನ ಸುಳ್ಳುಗಾತಿ ಅಂದೆ. ಸೊನ್ನೆಗಳೆಲ್ಲ ನನ್ನವು. ಅವನ್ನ ಹೊಡೆದುಹಾಕಿ, ನನ್ನ ಪ್ರಾಜೆಕ್ಟನ್ನೂ ಹೊಡೆದುಹಾಕಿ."

ಮೇಷ್ಟ್ರು ಮೇಜು ನೋಡುತ್ತಿದ್ದವರು ತಲೆ ಎತ್ತದೆ "ನನ್ನ ಕಿವಿಯೂ" ಅಂದರು. ಅಷ್ಟು ಸಣ್ಣ ದನಿಯಲ್ಲಿ ಹೇಳಿದ್ದು ನನಗೆ ಹೇಗೆ ಕೇಳಿಸಿತೋ. ಪ್ರಬಂಧ ವಾಪಸು ಪಡೆಯುತ್ತಾರಂತೆ.

ದೂರು ರದ್ದು. ಅವಳ ಪ್ರಾಜೆಕ್ಟು ಉಳಿಯಿತು, ಸೀಟೂ ಉಳಿಯಿತು. ನನ್ನದು ಹೋಯಿತು, ಮುಂದಿನ ಅವಧಿಗೆ ಮೊದಲಿಂದ ಮಾಡಬೇಕು.

ಹೊರಗೆ ಬಂದಾಗ ಅವಳ ಮುಂದೆ ನಿಂತು "ತಪ್ಪಾಯ್ತಮ್ಮ" ಅಂದೆ. "ಸರಿ ಆಂಟಿ" ಎಂದು ಬ್ಯಾಗು ಹೆಗಲಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಇನ್ನೇನು, ತಬ್ಬಿಕೊಳ್ಳಬೇಕಿತ್ತೇ? ನಾನಾಗಿದ್ದರೆ ಸರಿ ಅಂತಲೂ ಅನ್ನುತ್ತಿರಲಿಲ್ಲ.

ಸೆಪ್ಟೆಂಬರ್ ೨೬, ಶುಕ್ರವಾರ

ಕಿವಿ ಡಾಕ್ಟರು. ಗಾಜಿನ ಡಬ್ಬದಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಅಂದರು. ಹನ್ನೊಂದು ವರ್ಷ ಮಾಡಿದ ಕೆಲಸ. ಒತ್ತುತ್ತಾ ಹೋದೆ, ಆಮೇಲೆ ತುಂಬ ಹೊತ್ತು ಸುಮ್ಮನೆ ಕೂತೆ. ಗಾಜಿನ ಆಚೆ ಡಾಕ್ಟರ ಕೈ ಮಾತ್ರ ಒಂದೊಂದೇ ಬಟನ್ ಒತ್ತುತ್ತಲೇ ಇತ್ತು.

ಯಂತ್ರ ಹಾಕಿಕೊಂಡರೆ ಮಾತು ಸ್ಪಷ್ಟವಾಗುತ್ತದಂತೆ. ಹುಲ್ಲುಜೀರುಂಡೆ? "ಅಷ್ಟು ಮೇಲಿನ ಸದ್ದು ಬರಲ್ಲಮ್ಮ" ಅಂದರು. ಯಾರೋ ಸತ್ತ ಹಾಗೆ ಅಳು ಬಂತು. ಅಕ್ಕಿಕಾಳಿನಷ್ಟು ಹುಳಕ್ಕೆ.

ಅಕ್ಟೋಬರ್ ೮, ಬುಧವಾರ

ಓದು ಬಿಟ್ಟುಬಿಡೋಣವೆಂದು ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡು ಹೋದೆ. ಗುಮಾಸ್ತ ರಜೆಯಿಂದ ಬಂದಿದ್ದ, ಆದರೆ ಅವನ ಕುರ್ಚಿ ಬಂದಿರಲಿಲ್ಲ. ಯಾವುದೋ ಸಮಾರಂಭಕ್ಕೆ ಒಯ್ದಿದ್ದರಂತೆ. ಕುರ್ಚಿಯಿಲ್ಲದೆ ಅರ್ಜಿ ತೆಗೆದುಕೊಳ್ಳುವುದಿಲ್ಲ ಅಂದ. ಕಾರಿಡಾರಿನಲ್ಲಿ ಹುಡುಗಿ ಸಿಕ್ಕಳು.

"ಸಂಜೆ ಬರ್ತೀರಾ ಆಂಟಿ? ಕಪ್ಪು ಜೀರುಂಡೆ ಎಣಿಸೋಕೆ ಜನ ಬೇಕು. ಅದರಲ್ಲಿ ನಿಮ್ಮ ಲೆಕ್ಕ ನನಗಿಂತ ಚೆನ್ನಾಗಿತ್ತು."

"ನನ್ನ ಲೆಕ್ಕ ನಂಬ್ತೀಯಾ?"

"ಅದರಲ್ಲಿ ಮಾತ್ರ" ಅಂದಳು. ನಗಲಿಲ್ಲ.

ಹೋದೆ. ಕಪ್ಪು ಜೀರುಂಡೆ ನಾನು, ಹುಲ್ಲುಜೀರುಂಡೆ ಅವಳು. ಮುಗಿಸಿ ದಾರ ಸುತ್ತುವಾಗ ಬಾಯಿ ತಡೆಯದೆ ಕೇಳಿದೆ, ಈಗಲೂ ಕೂಗುತ್ತಿವೆಯೇ ಎಂದು. ಅವಳು ದಾರದುಂಡೆ ಕೆಳಗಿಟ್ಟು ನನ್ನ ಮಣಿಕಟ್ಟು ಹಿಡಿದಳು. "ಕೂಗಿದಾಗೆಲ್ಲ ಒತ್ತುತ್ತೀನಿ" ಅಂದಳು.

ಒತ್ತಿದಳು. ಮತ್ತೆ ಒತ್ತಿದಳು. ಒಂದೆರಡು ಸಲ ಒತ್ತಿ ಬಿಡುತ್ತಾಳೆ ಅಂದುಕೊಂಡಿದ್ದೆ. ಬೆರಳು ನಿಲ್ಲಲೇ ಇಲ್ಲ. ನಾನು ಸೊನ್ನೆ ಬರೆದು ಬಿಟ್ಟುಹೋಗಿದ್ದ ಹುಲ್ಲಿನ ಮೂಲೆಮೂಲೆಗೂ ತಿರುಗಿ ತಿರುಗಿ ನಿಂತಳು, ಎಲ್ಲ ಕಡೆಯೂ ಒತ್ತಿದಳು. ಮಣಿಕಟ್ಟು ಇನ್ನೂ ನೋಯುತ್ತಿದೆ.

ಅರ್ಜಿ ಚೀಲದಲ್ಲೇ ಇದೆ. ನಾಳೆ ನಮ್ಮ ಹುಡುಗಿಗೆ ದಾರ ಕೊಂಡು ತರಬೇಕು, ಹಳೆಯದು ಗಂಟುಗಂಟಾಗಿದೆ. ಚೌಕ ಕಟ್ಟುವುದರಲ್ಲಿ ಅವಳಿಗೆ ಏನೇನೂ ಅಚ್ಚುಕಟ್ಟಿಲ್ಲ.

ದೀಪ ಎರಡು ಸಲ ಆರಿ ಹೊತ್ತಿತು. ಊಟಕ್ಕೆ ಕರೆಯುತ್ತಿದ್ದಾರೆ. "ಬಂದೆ" ಎಂದು ಕೂಗಿದೆ. ಮತ್ತೆ ಆರಿಸುತ್ತಿದ್ದಾರೆ. "ಬಂದೇರೀ" ಎಂದು ಇನ್ನೂ ಜೋರಾಗಿ ಕೂಗಿದೆ. ಮತ್ತೆ ಆರಿಸುತ್ತಾರೆ. ಇವರಿಗೂ ಕೇಳುವುದಿಲ್ಲ, ನನಗೂ ಕೇಳುವುದಿಲ್ಲ, ಬೀದಿಯವರಿಗೆಲ್ಲ ಕೇಳುತ್ತಿರಬೇಕು.

ಇರಲಿ. ಈ ಮೇಜಿನ ದೀಪವನ್ನು ನಾನೂ ಎರಡು ಸಲ ಆರಿಸಿ ಹೊತ್ತಿಸುತ್ತೇನೆ.